ಆಯಿಯ ತೋರಣ, ನನ್ನ ಹೆಸರು

ದಸರಾ ರಜೆ ಮುಗಿದು ಶಾಲೆ ತೆರೆದ ಎರಡನೇ ದಿನವೇ ನಮ್ಮ ಶಿಕ್ಷಕರ ವಾಟ್ಸಪ್ ಗುಂಪಿನಲ್ಲಿ ಸುತ್ತೋಲೆ ಬಂತು. ಈ ಸಲವೂ 'ಕಸದಿಂದ ರಸ' ಸ್ಪರ್ಧೆ. ವಿಷಯ, ಸುಗ್ಗಿಯ ಅಲಂಕಾರ. ಹೊಲದಲ್ಲಿ ಸಿಗುವ ಮತ್ತು ಮನೆಯಲ್ಲಿ ಬಳಸಿ ಬಿಟ್ಟ ವಸ್ತುಗಳಿಂದ ಮಾತ್ರ ಮಾಡಬೇಕು. ಮಧ್ಯಾಹ್ನದ ಹೊತ್ತಿಗೆ ನಮ್ಮ ಶಾಲೆಗೆ ಹೊಸದಾಗಿ ಬಂದಿರುವ ಶಿಕ್ಷಕಿ ಒಂದು ಚೀಟಿ ಹಿಡಿದುಕೊಂಡು ನನ್ನ ಹತ್ತಿರ ಬಂದಳು.

"ಟೀಚರ್, ನಾಳೆ ಕೊಪ್ಪಳದಿಂದ ಬರೋವಾಗ ಇಷ್ಟು ತಂದುಬಿಡ್ರಿ."

ನೋಡಿದೆ. ಐಸ್‌ಕ್ರೀಮ್ ಕಡ್ಡಿ ಎರಡು ಕಟ್ಟು, ಪೇಪರ್ ಕಪ್ಪು ಒಂದು ಪಾಕೀಟು, ಥರ್ಮಾಕೋಲ್ ಹಾಳೆ, ಮಿಂಚಿನ ಪುಡಿ, ಪ್ಲಾಸ್ಟಿಕ್ ಚೆಂಡುಹೂವಿನ ಸರ ನಾಲ್ಕು.

"ಕಸಾನೂ ಅಂಗಡ್ಯಾಗ ಕೊಂಡು ತರಬೇಕೇನವಾ?" ಎಂದು ಒದರಿಬಿಟ್ಟೆ. ಪಕ್ಕದ ತರಗತಿಯ ಮಕ್ಕಳು ಕಿಟಕಿಯಲ್ಲಿ ಇಣುಕಿದರು. ಆ ಹೊಸ ಟೀಚರ್ ಹುಡುಗಿಯ ಮುಖ ಸಪ್ಪಗಾಯಿತು. ಪಾಪ, ಅವಳ ತಪ್ಪೇನಿಲ್ಲ, ಎಲ್ಲರೂ ಮಾಡುವುದನ್ನೇ ಅವಳೂ ಮಾಡಹೊರಟಿದ್ದಳು. ಆ ಸಿಟ್ಟು ಅವಳ ಮೇಲಿನದಾಗಿರಲಿಲ್ಲ. ಈ ವರ್ಷ ಶ್ರಾವಣದಲ್ಲಿ ತೀರಿಹೋದ ಒಬ್ಬ ಹೆಂಗಸಿಗೆ ಸಂಬಂಧಪಟ್ಟ ಸಿಟ್ಟು ಅದು. ಅದರಲ್ಲಿ ಒಂದು ಪಾಲು ಇಲಾಖೆಗೆ ಸೇರಬೇಕು, ಒಂದು ಪಾಲು ಗಂಗಾವತಿ ಕಡೆಯ ಒಬ್ಬ ಮನುಷ್ಯನಿಗೆ ಸೇರಬೇಕು. ಉಳಿದದ್ದೆಲ್ಲ ನನಗೇ.

ಆಕೆ ನಮ್ಮ ಶಾಲೆಯ ಬಿಸಿಯೂಟದ ಅಡುಗೆಯಾಕೆ. ಮಕ್ಕಳು 'ಆಯಿ' ಎನ್ನುತ್ತಿದ್ದರು, ಅವರನ್ನು ನೋಡಿ ನಾವೂ ಹಾಗೇ ಕರೆಯುತ್ತಿದ್ದೆವು. ನಮ್ಮದು ಯಲಬುರ್ಗಾ ಭಾಗದ ಸಣ್ಣ ಊರು. ಕೊಪ್ಪಳದಿಂದ ನಾನು ಬರುವ ಬಸ್ಸು ತಳಕಲ್ ದಾಟಿದ ಮೇಲೆ ಎರಡೂ ಕಡೆ ಮೆಕ್ಕೆಜೋಳ, ಸಜ್ಜೆ, ಹತ್ತಿ. ದಸರಾ ಕಳೆದ ಮೇಲೆ ಆ ದಾರಿಯುದ್ದಕ್ಕೂ ತೆನೆ ಮುರಿಯುವವರು, ರಸ್ತೆಯ ಮೇಲೇ ಕಾಳು ಒಣಹಾಕುವವರು. ನಾನು ಆ ಬಸ್ಸಿನಲ್ಲಿ ತೂಕಡಿಸುತ್ತ ಬರುವ ಹೊತ್ತಿಗೆ ಆಯಿ ಅದೇ ಹೊಲಗಳ ಬದುವಿನಲ್ಲಿ ನಡೆದು ಶಾಲೆಗೆ ಬಂದಿರುತ್ತಿದ್ದಳು. ಬರುವಾಗ ಮಡಿಲಲ್ಲಿ ಏನಾದರೂ ಇದ್ದೇ ಇರುತ್ತಿತ್ತು. ಹತ್ತಿ ಬಿಡಿಸಿಕೊಂಡ ಮೇಲೆ ಗಿಡದಲ್ಲೇ ಒಣಗಿ ನಿಂತ ಕಾಯಿಯ ತೊಗಟೆ, ಕಾಗೆ ಕುಕ್ಕಿದ ಸಜ್ಜೆ ತೆನೆ, ರಾಶಿ ಮಾಡಿದವರು ಒಗೆದ ಮೆಕ್ಕೆಜೋಳದ ಸಿಪ್ಪೆ.

ಕುಳ್ಳಗಿನ ಆಳು. ಬಲಗೈ ಹೆಬ್ಬೆರಳಿನ ಉಗುರನ್ನು ಮಾತ್ರ ಉದ್ದಕ್ಕೆ ಬಿಟ್ಟಿದ್ದಳು, ಸಿಪ್ಪೆ ಸೀಳಲು ಅದೇ ಚಾಕು. ಮಕ್ಕಳು ಉಂಡೆದ್ದ ಮೇಲೆ ಅಡುಗೆಕೋಣೆಯ ಹೊಸ್ತಿಲಲ್ಲಿ ಕೂತು, ಒಂದು ಕಾಲು ಚಾಚಿ, ಆ ಕಾಲಿನ ಹೆಬ್ಬೆರಳಿಗೆ ದಾರ ಸಿಕ್ಕಿಸಿ ಎಳೆದುಕೊಂಡು ಹೂ ಕಟ್ಟುತ್ತಿದ್ದಳು. ದಾರವೆಂದರೆ ಅಕ್ಕಿ ಚೀಲದ ಹೊಲಿಗೆ ಬಿಚ್ಚಿದ ದಾರವೇ. ಮೆಕ್ಕೆಜೋಳದ ಹೊರಗಿನ ಒರಟು ಸಿಪ್ಪೆ ತೆಗೆದು ಒಳಗಿನ ರೇಷ್ಮೆಯಂಥ ಸಿಪ್ಪೆಯನ್ನಷ್ಟೇ ಇಟ್ಟುಕೊಳ್ಳುತ್ತಿದ್ದಳು. ಅರ್ಧಕ್ಕೆ ಅರಿಶಿನದ ನೀರು, ಅರ್ಧಕ್ಕೆ ಬೀಟ್ರೂಟ್ ಕುದಿಸಿದ ನೀರು. ಹತ್ತಿ ತೊಗಟೆಗೆ ಸುಣ್ಣ ಬಳಿದರೆ ಐದೆಸಳಿನ ಬಿಳಿ ಹೂವು. ಮಕ್ಕಳ ಹಾಲಿನ ಪುಡಿ ಪಾಕೀಟನ್ನು ತೊಳೆದು ಮಗುಚಿದರೆ ಒಳಗೆ ಬೆಳ್ಳಿ, ಅದನ್ನು ಸಣ್ಣಗೆ ಕತ್ತರಿಸಿ ಎಲೆ. ಇಷ್ಟನ್ನೂ ಸಜ್ಜೆ ಮತ್ತು ನವಣೆ ತೆನೆಗಳ ನಡುವೆ ಸೇರಿಸಿ ಕಟ್ಟಿ, ರಜೆ ಮುಗಿಸಿ ಮಕ್ಕಳು ಬರುವ ದಿನ ಶಾಲೆಯ ಬಾಗಿಲಿಗೆ ತೋರಣ ಏರಿಸುತ್ತಿದ್ದಳು. ಯಾರೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ.

ತೋರಣ ಕಟ್ಟಿದ ವಾರಕ್ಕೇ ಗುಬ್ಬಿಗಳು ನವಣೆ ತಿಂದು ಮುಗಿಸುತ್ತಿದ್ದವು. ಗಂಡುಮಕ್ಕಳು ಒಬ್ಬರ ಹೆಗಲ ಮೇಲೆ ಒಬ್ಬರು ಹತ್ತಿ ಸಜ್ಜೆ ಉದುರಿಸಿಕೊಂಡು ತಿನ್ನುತ್ತಿದ್ದರು. ನಮ್ಮ ಹೆಡ್‌ಮಾಸ್ತರರು ಒಮ್ಮೆ ಕೋಲು ಹಿಡಿದು ಬಂದರೆ ಆಯಿ ಅಡ್ಡ ನಿಂತಳು.

"ತಿನ್ನವಲ್ರ್ಯಾಕ ಸರ್ರ. ತೋರಣ ಇರೂದ ತಿನ್ನಾಕ."

"ಮತ್ತ ನೋಡಾಕ ಏನ ಉಳೀತದವಾ?"

"ತಿನ್ನೂ ಹುಡುಗ್ರನ್ನ ನೋಡ್ರಿ."

ದೀಪಾವಳಿ ಕಳೆದ ಮೇಲೆ ಪಾಕೀಟಿನ ಬೆಳ್ಳಿ ಎಲೆಗಳನ್ನು ಒಂದೊಂದಾಗಿ ಬಿಡಿಸಿ ಡಬ್ಬಿಗೆ ಹಾಕಿಟ್ಟು, ಉಳಿದ ತೋರಣವನ್ನು ಮನೆಗೆ ಒಯ್ದು ಎಮ್ಮೆಯ ಮುಂದೆ ಹಾಕುತ್ತಿದ್ದಳು. ಅಲಂಕಾರ ಛಲೋ ಐತೋ ಇಲ್ಲೋ ಎಂದು ನೋಡಲು ಆಕೆಗೆ ಒಂದೇ ಪರೀಕ್ಷೆ. ಸ್ವಾತಂತ್ರ್ಯ ದಿನಾಚರಣೆಗೆ ನಾವು ಪ್ಲಾಸ್ಟಿಕ್ ಸರ ತಂದು ಕಟ್ಟಿದಾಗ ಕೆಳಗಿನಿಂದ ಕತ್ತೆತ್ತಿ ನೋಡಿ, "ಇದನ್ನ ನಮ್ಮೆಮ್ಮಿ ತಿಂತೈತೇನ್ರಿ?" ಎಂದಿದ್ದಳು. ನಾವು ನಕ್ಕಿದ್ದೆವು. ನಾನೂ ನಕ್ಕಿದ್ದೆ. ಆಕೆ ನನ್ನನ್ನು 'ನೀವು' ಎನ್ನುತ್ತಿದ್ದಳು, ಎರಡು ಮಕ್ಕಳ ತಾಯಿಯಾದ ನಾನು ನನ್ನ ತಾಯಿಯ ವಯಸ್ಸಿನವಳಿಗೆ 'ನೀ' ಎನ್ನುತ್ತಿದ್ದೆ. ಪ್ರೀತಿಗೆ ಹಾಗೆ ಕರೆಯುತ್ತೇವೆ ಎಂದುಕೊಂಡಿದ್ದೆ. ಹೆಡ್‌ಮಾಸ್ತರರ ತಾಯಿಗೆ ಅದೇ ಪ್ರೀತಿಯಿಂದ 'ನೀ' ಅನ್ನಲು ನನಗೆ ಬಾಯಿ ಬರುತ್ತಿತ್ತೇ?

ಮೂರು ವರ್ಷದ ಹಿಂದೆ ಮೊದಲ ಸಲ ಈ ಸ್ಪರ್ಧೆ ಬಂತು. ತಾಲೂಕು ಮಟ್ಟದ್ದು. ನಾನು ಆಯಿಯನ್ನು ಕರೆದು, "ಆಯಿ, ಈ ಸರತೆ ತೋರಣ ಎರಡು ಮಾಡು, ಒಂದು ಸ್ಪರ್ಧೆಗೆ ಒಯ್ಯೋಣ" ಎಂದೆ. ಆಕೆಗೆ ಹಿಗ್ಗು. ಒಂದು ವಾರ ಸೊಸೆಯನ್ನೂ ಕೂರಿಸಿಕೊಂಡು ಕಟ್ಟಿದಳು. ಸ್ಪರ್ಧೆಯ ದಿನ ಇಳಕಲ್ ಸೀರೆ ಉಟ್ಟು, ತೋರಣವನ್ನು ಹಸಿ ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ನನ್ನ ಜೊತೆ ಬಂದಳು.

ಆ ಸಭಾಂಗಣದಲ್ಲಿ ನಾನು ನೋಡಿದ್ದನ್ನು ಹೇಳಿದರೆ ನಂಬುತ್ತೀರೋ ಇಲ್ಲವೋ. ಒಂದು ಶಾಲೆಯ ಮೇಷ್ಟ್ರು ಹೊಸ ಪೇಪರ್ ಕಪ್ಪಿನ ಪಾಕೀಟು ಒಡೆದು, ಒಂದೊಂದಕ್ಕೂ ಎರಡೆರಡು ಹನಿ ಚಹಾ ಹಾಕಿ, ಅಲ್ಲಾಡಿಸಿ ಚೆಲ್ಲಿ, ಒಣಗಿಸುತ್ತಿದ್ದರು. ಬಳಸಿದ ವಸ್ತು ಅಂತ ನಿಯಮ ಇತ್ತಲ್ಲ! ಆಯಿ ನಿಂತು ನೋಡಿದಳು. ಸ್ವಲ್ಪ ಹೊತ್ತಾದ ಮೇಲೆ ನನ್ನ ಕಿವಿಯಲ್ಲಿ ಕೇಳಿದಳು: "ಅಕ್ಕೋರ, ಆ ಸರ್ರು ಚಹಾ ಯಾಕ ಚೆಲ್ಲಾಕತ್ಯಾರ್ರಿ? ಕುಡಿದು ಇಟ್ಟಿದ್ರ ಆಗತಿರಲಿಲ್ಲೇನ್ರಿ?"

ಹೆಸರು ಬರೆಸುವ ಮೇಜಿನ ಹತ್ತಿರ ಹೋದೆವು. ಅಲ್ಲಿದ್ದವರು ತಲೆ ಎತ್ತದೆ ಕೇಳಿದರು: "ಯಾರು ಮಾಡ್ಯಾರ್ರಿ?"

"ನಮ್ಮ ಸಾಲಿ ಅಡಗಿಯವರ್ರಿ," ಎಂದೆ.

"ಅಡಗಿಯವರಿಗೆ ಕಾಲಮ್ ಇಲ್ಲ ಮೇಡಂ. ವಿದ್ಯಾರ್ಥಿ, ಶಿಕ್ಷಕ, ಎರಡ ಅದಾವ. ನಿಮ್ಮ ಹೆಸರು ಹಾಕ್ರಲ್ಲ, ಎಲ್ಲಾ ಒಂದ."

ನಾನು ಆಯಿಯ ಕಡೆ ನೋಡಿದೆ. "ಹಾಕ್ರಿ ಅಕ್ಕೋರ, ಎಲ್ಲಾ ಒಂದ," ಎಂದಳು ಆಕೆಯೂ. ಎಲ್ಲಾ ಒಂದೇ ಅಲ್ಲ ಎಂಬುದು ಆ ಹೊತ್ತಿಗೆ ನನಗೊಬ್ಬಳಿಗೇ ಗೊತ್ತಿತ್ತು. ಗೊತ್ತಿದ್ದೂ ಪೆನ್ನು ತೆಗೆದು ನನ್ನ ಹೆಸರು ಬರೆದೆ. ಬರೀ ಕಾಗದಕ್ಕೆ ಅಂತ ಅಂದುಕೊಂಡೆ. ನಮ್ಮ ಇಲಾಖೆಯಲ್ಲಿ ಕಾಗದಕ್ಕಿಂತ ದೊಡ್ಡದು ಇನ್ನೇನಿದೆ ಎಂದು ಇಪ್ಪತ್ತು ವರ್ಷ ನೌಕರಿ ಮಾಡಿದವಳಿಗೆ ತಿಳಿಯದೇ ಇರುತ್ತದೆಯೇ?

ಮೊದಲ ಬಹುಮಾನ ಬಂತು. ಪ್ರಮಾಣಪತ್ರದಲ್ಲಿ ನನ್ನ ಹೆಸರು. ಮರುದಿನ ಪತ್ರಿಕೆಯಲ್ಲಿ ತೋರಣ ಹಿಡಿದು ನಿಂತ ನನ್ನ ಫೋಟೋ, ಕೆಳಗೆ 'ಕಸದಲ್ಲಿ ಕಲೆ ಕಂಡ ಶಿಕ್ಷಕಿ' ಎಂದು ಬರೆದಿದ್ದರು. ಫೋಟೋ ತೆಗೆಯುವಾಗ ತೋರಣದ ಇನ್ನೊಂದು ತುದಿ ಹಿಡಿದಿದ್ದು ಆಯಿ. ಪತ್ರಿಕೆಯವರು ಆ ತುದಿಯನ್ನು ಕತ್ತರಿಸಿ ಹಾಕಿದ್ದರು, ಮುಂಗೈ ಅಷ್ಟೇ ಉಳಿದಿತ್ತು. ನಾನು ಅದನ್ನು ಲ್ಯಾಮಿನೇಟ್ ಮಾಡಿಸಿ ಮನೆಯ ಶೋಕೇಸಿನಲ್ಲಿ ಇಟ್ಟೆ. ಬಂದವರೆಲ್ಲ ಹೊಗಳಿದರು. "ಅಯ್ಯೋ, ನಮ್ಮ ಸಾಲಿಯವರೆಲ್ಲಾ ಸೇರಿ ಮಾಡಿದ್ದು" ಎಂದು ನಾನು ಸಂಕೋಚ ಪಡುವವಳ ಹಾಗೆ ಹೇಳುತ್ತಿದ್ದೆ. ಆ ಸಂಕೋಚ ನೆನೆದರೆ ಈಗ ಮೈ ಉರಿಯುತ್ತದೆ.

ಅಷ್ಟಕ್ಕೇ ಮುಗಿಯಲಿಲ್ಲ. ತಿಂಗಳೊಳಗೆ ಜಿಲ್ಲಾ ಮಟ್ಟದ ತರಬೇತಿಗೆ ನನ್ನನ್ನು ಕರೆದರು. ನಲವತ್ತು ಶಿಕ್ಷಕರಿಗೆ ಸಿಪ್ಪೆಯ ಹೂ ಮಾಡುವುದನ್ನು ಕಲಿಸಬೇಕಂತೆ. ಆಯಿ ಚೀಲದ ತುಂಬ ಸಿಪ್ಪೆ ಕೊಟ್ಟು, ಮಾಡಿದ ಹೂಗಳನ್ನೂ ಹತ್ತಾರು ಇಟ್ಟುಕೊಟ್ಟಳು. ಅದೇನು ಮಹಾ, ಮಡಚಿ ಕಟ್ಟಿದರಾಯಿತು ಎಂದುಕೊಂಡು ಹೋದೆ. ಹನ್ನೆರಡು ವರ್ಷ ಆಕೆಯನ್ನು ನೋಡಿದ್ದೆನಲ್ಲ. ನೋಡಿದ್ದೆ ಎಂದುಕೊಂಡಿದ್ದೆ, ಅಷ್ಟೇ. ಎಲ್ಲರ ಮುಂದೆ ನಿಂತು ಮೊದಲ ಸಿಪ್ಪೆ ಮಡಚಿದೆ, ಚರ್ರೆಂದು ಸೀಳಿತು. ಎರಡನೆಯದೂ ಸೀಳಿತು. ಮೂರನೆಯದಕ್ಕೆ ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು.

ನೀರು ಕುಡಿದು ಬರುತ್ತೇನೆಂದು ಮೇಜಿನ ಬದಿಗೆ ಸರಿದು ಆಯಿಗೆ ಫೋನ್ ಹಚ್ಚಿದೆ. ಕೈ ಒದ್ದೆಯಾಗಿತ್ತು, ಪಕ್ಕದಲ್ಲಿದ್ದ ಶಿಕ್ಷಕಿ ಉಪಕಾರ ಮಾಡಲು ಹೋಗಿ ಸ್ಪೀಕರ್ ಒತ್ತಿದಳು. ಆಯಿಯ ದನಿ ಇಡೀ ಕೋಣೆಗೆ ಕೇಳಿತು.

"ಒಣಾ ಸಿಪ್ಪಿ ಮಡಚಬ್ಯಾಡ್ರಿ ಅಕ್ಕೋರ, ಅದಕ್ಕ ಉಗಿ ಬೇಕು. ನಾ ಅನ್ನದ ಡಬರಿ ಮುಚ್ಚಳದ ಮ್ಯಾಲ ಹಸಿ ಅರಿಬಿ ಹಾಸಿ ಅದರೊಳಗ ಇಡ್ತೀನಲ್ರಿ. ಅಲ್ಲೆ ಚಹಾದ ಕೆಟ್ಲಿ ಇದ್ರ ಅದರ ಬಾಯಿಗೆ ಹಿಡೀರಿ. ಮೆತ್ತಗಾಗತಾವು, ಅವಸರ ಮಾಡಬ್ಯಾಡ್ರಿ."

ಅನ್ನ ಬೇಯುವ ಉಗಿಯಲ್ಲಿ ಸಿಪ್ಪೆಯನ್ನೂ ಮೆತ್ತಗೆ ಮಾಡಿಕೊಳ್ಳುತ್ತಿದ್ದಳು ಎಂಬುದು ನನಗೆ ಗೊತ್ತೇ ಇರಲಿಲ್ಲ. ಅಡುಗೆಕೋಣೆಯೊಳಗೆ ನಾನು ಎಂದೂ ಕಾಲಿಟ್ಟಿರಲಿಲ್ಲ. ಅಷ್ಟರಲ್ಲಿ ಒಬ್ಬ ಮೇಷ್ಟ್ರು ನಗುತ್ತ ಕೇಳಿದರು: "ಯಾರ್ರೀ ಮೇಡಂ ಅವರು? ನಿಮ್ಮ ಗುರುಗಳೇನು?"

ಎಲ್ಲರೂ ನಕ್ಕರು. ನನ್ನ ಬಾಯಿಂದ ಬಂದದ್ದನ್ನು ಇಲ್ಲಿ ಬರೆದೇ ತೀರಬೇಕು. "ಏ ಅಲ್ರಿ, ನಮ್ಮ ಮನಿ ಕೆಲಸದಾಕಿ. ಸಿಪ್ಪಿ ಆರಿಸಿ ಕೊಟ್ಟಾಕಿ," ಎಂದೆ.

ಫೋನ್ ಇನ್ನೂ ಚಾಲೂ ಇತ್ತು.

ಆ ದಿನ ಹೇಗೋ ಆಯಿ ಕೊಟ್ಟಿದ್ದ ತಯಾರು ಹೂಗಳನ್ನೇ ತೋರಿಸಿ, ಭಾಷಣ ಹೊಡೆದು, ಚಪ್ಪಾಳೆ ಹೊಡೆಸಿಕೊಂಡು ಬಂದೆ. ಮರುದಿನ ಶಾಲೆಗೆ ಹೋಗಲು ಕಾಲು ಬರಲಿಲ್ಲ, ಆದರೂ ಹೋದೆ. ಆಯಿ ಬೈದಿದ್ದರೆ ಚೆನ್ನಾಗಿತ್ತು. ಎರಡು ಮಾತು ಕಡ್ಡಿ ಮುರಿದ ಹಾಗೆ ಅಂದಿದ್ದರೆ ನಾನು ಕೈ ಹಿಡಿದುಕೊಂಡು ತಪ್ಪಾಯಿತು ಎನ್ನುತ್ತಿದ್ದೆನೇನೋ. ಆಕೆ ಬೇಳೆ ತೊಳೆಯುತ್ತ ಕೇಳಿದ್ದು ಇಷ್ಟೇ: "ಹೂವ ಬಂದ್ವೇನ್ರಿ ಅಕ್ಕೋರ?" ಬಂದವು ಎಂದೆ. "ಛಲೋ ಆತು," ಎಂದಳು. ಅವತ್ತಿನಿಂದ ನಾನು ಊಟದ ತಟ್ಟೆ ತೊಳೆಯಲು ಆಕೆಗೆ ಕೊಡುವುದನ್ನು ಬಿಟ್ಟೆ. ಅದನ್ನೇ ದೊಡ್ಡ ಪ್ರಾಯಶ್ಚಿತ್ತ ಎಂದು ತಿಳಿದುಕೊಂಡೆ, ಥೂ!

ಹೋದ ವರ್ಷ ಆಕೆಯನ್ನು ಕೆಲಸದಿಂದ ಬಿಡಿಸಿದರು. ಅರವತ್ತು ತುಂಬಿತಂತೆ. ಹಾಗೆಂದು ಹೇಳಿದ್ದು ಆಧಾರ್ ಕಾರ್ಡು. ಯಾವಾಗಲೋ ಯಾರೋ ಬಾಯಿಗೆ ಬಂದ ವರ್ಷ ಬರೆದು, ಜನವರಿ ಒಂದು ಎಂದು ಹಾಕಿದ್ದರು. "ಕಾರ್ಡಿಗೆ ಅರವತ್ತ ಆಗ್ಯಾವ್ರಿ, ನನಗಿನ್ನಾ ಆಗಿಲ್ಲ," ಎಂದು ಆಯಿ ಹೆಡ್‌ಮಾಸ್ತರರ ಮುಂದೆ ನಿಂತು ಹೇಳಿದಳು. ಅವರು, "ಕಾರ್ಡಿನ ಮುಂದ ನಿಂದೇನು ನಡೀತದವಾ" ಎಂದರು. ಒಂದು ಹಾರ ಇಲ್ಲ, ಒಂದು ಮಾತಿಲ್ಲ. ನಮ್ಮಲ್ಲಿ ಗುಮಾಸ್ತ ವರ್ಗವಾಗಿ ಹೋದರೂ ಶಾಲು ಹೊದಿಸುತ್ತೇವೆ, ಆ ಶಾಲಿನ ಸಭೆಗಳಿಗೆಲ್ಲ ತೋರಣ ಕಟ್ಟಿದಾಕೆ ಆಕೆಯೇ. ನಾನು ಸಿಬ್ಬಂದಿ ಕೋಣೆಯಲ್ಲಿ ಜಗಳ ಮಾಡಿದೆ. "ಆದೇಶ ಇಲ್ಲ" ಎಂದರು. ಜಗಳ ಮಾಡಿ ಸುಮ್ಮನಾದೆ. ನನ್ನ ಸಿಟ್ಟು ಯಾವಾಗಲೂ ಹೀಗೆಯೇ, ಉಕ್ಕಿದ ಹಾಲು ಒಲೆಗೆ ಮಾತ್ರ.

ಅದಾದ ಒಂದೆರಡು ತಿಂಗಳಿಗೆ ನನಗೊಂದು ಫೋನ್ ಬಂತು. ಗಂಗಾವತಿಯ ಆಚೆ, ಹೊಳೆ ದಂಡೆಯ ಒಂದೂರಿನಲ್ಲಿ ಬಾಳೆ ನಾರು, ಹುಲ್ಲು, ಸಿಪ್ಪೆಗಳಿಂದ ಅಲಂಕಾರದ ಸಾಮಾನು ಮಾಡಿಸುವ ಕೇಂದ್ರವಂತೆ. ಪ್ರವಾಸಿಗಳು ಬಂದು ಇಳಿದುಕೊಳ್ಳುವ ಕಡೆ ಬಾಗಿಲಿಗೆ, ಗೋಡೆಗೆ ಹಾಕುತ್ತಾರಂತೆ. "ನಿಮ್ಮ ಸಿಪ್ಪಿ ಹೂವು ಭಾಳ ಛಲೋ ಅದಾವ ಮೇಡಂ. ಇಲ್ಲಿ ಹೆಣ್ಣಮಕ್ಕಳಿಗೆ ಕಲಸಾಕ ಒಬ್ಬರು ಬೇಕಾಗ್ಯಾರ, ಕಾಯಂ ಕೆಲಸ. ನೀವು ಬರ್ತೀರೇನು?" ಎಂದು ಒಬ್ಬ ಮನುಷ್ಯ ಕೇಳಿದ. ನನ್ನದು ಸರ್ಕಾರಿ ನೌಕರಿ, ಪುರುಸೊತ್ತಿಲ್ಲ ಎಂದೆ. ಒಳಗೊಳಗೇ ಉಬ್ಬಿದೆ ಕೂಡ. ಆ ಹೂ ನನ್ನವಲ್ಲ, ಮಾಡುವಾಕೆ ಕೆಲಸವಿಲ್ಲದೆ ಮನೆಯಲ್ಲಿದ್ದಾಳೆ, ಈ ನಂಬರಿಗೆ ಫೋನ್ ಮಾಡಿ ಎಂದು ಹೇಳಲು ಎಷ್ಟು ಹೊತ್ತು ಬೇಕಿತ್ತು? ಹೇಳಲಿಲ್ಲ. ಹೇಳಿದರೆ ನನ್ನ ಶೋಕೇಸು ಏನಾಗಬೇಕು!

ಶ್ರಾವಣದಲ್ಲಿ ಮೂರು ದಿನದ ಜ್ವರಕ್ಕೆ ಆಯಿ ಹೋದಳು. ನಾನು ಮನೆಯವರನ್ನು ಮಾತನಾಡಿಸಲು ಹೋದಾಗ ಸೊಸೆ ಗೋಡೆಗೆ ಒರಗಿ ಕೂತಿದ್ದಳು. ಅತ್ತು ಮುಗಿಸಿದ್ದಳು. ಕೆಲಸ ಹೋದ ಮೇಲೆ ಅತ್ತೆ ಹೇಗಿದ್ದರು ಎಂದು ಕೇಳಿದೆ.

"ಸುಮ್ಮ ಕುಂತಾಕಿ ಅಲ್ಲರಿ ಅಕಿ. ಗಂಗಾವತಿ ಕಡೆ ಹೂವ ಮಾಡೂ ಕೆಲಸ ಐತಿ ಅಂತ ಯಾರೋ ಹೇಳಿದ್ರು. ಚೀಲದ ತುಂಬ ಹೂವ ಮಾಡ್ಕೊಂಡು, ಎರಡು ಬಸ್ಸು ಬದಲಿ ಮಾಡಿ, ಒಬ್ಬಾಕಿನ ಹೋಗಿದ್ಲು. ಕೆಲಸ ಸಿಗತೈತಿ ಅಂತ ಖರೇನ ತಿಳಕೊಂಡಿದ್ಲು. ಅಲ್ಲೆ ಇರಾಕ ಎರಡು ಸೀರಿ ಸುದ್ದಾ ಒಯ್ದಿದ್ಲು."

ನಾನು ಅವಳ ಹತ್ತಿರಕ್ಕೆ ಸರಿದೆ. "ಮತ್ತ?"

"ಅಲ್ಲಿಯವ ಹೂವ ನೋಡಿ, ಇವು ಪೇಪರ್‌ನಾಗ ಬಂದ ಟೀಚರ್ ಮಾಡಿದ್ವು, ನೀ ಎಲ್ಲಿಂದ ಕದ್ದು ತಂದಿ ಅಂತ ಕೇಳಿದ್ನಂತ್ರಿ. ಅತ್ತಿ, ಹೌದ್ರಿ, ಅಕ್ಕೋರು ಮಾಡಿದ್ವ, ಅವರ ಕೈಯಾಗ ಕಲ್ತೀನಿ ಅಂದು ಬಂದಾಳ."

"ನಂದು ಅಂತ ಯಾಕ ಹೇಳಲಿಲ್ಲವಾ!" ನಾನು ಹೆಣ ಎತ್ತಿದ ಮನೆ ಎಂಬುದನ್ನೂ ಮರೆತು ಕೂಗಿದೆ.

ಸೊಸೆ ನನ್ನನ್ನೇ ನೋಡಿದಳು. "ನಾನೂ ಹಂಗ ಬೈದ್ನಿರಿ. ಅದಕ್ಕ ಅಕಿ, ನಂದು ಅಂದ್ರ ಅಕ್ಕೋರು ಸುಳ್ಳು ಹೇಳ್ಯಾರ ಅಂದಂಗ ಆಕ್ಕೈತಲ್ಲ, ಸರಕಾರಿ ನೌಕರಿ, ಎರಡು ಮಕ್ಕಳದಾವ, ಕುತ್ತು ಬಂದ್ರ ಏನ್ ಮಾಡ್ತಾರ ಅಂದ್ಲು."

ಇಂಥ ಮಾತಿಗೆ ಅಳು ಬರಬೇಕು. ನನಗೆ ಬಂದದ್ದು ಸಿಟ್ಟು. ಆಯಿಯ ಮೇಲೆಯೇ ಬಂತು. ಯಾರು ಕೇಳಿದ್ದರು ಈಕೆಯನ್ನು, ನನ್ನ ಮಾನ ಕಾಯಿ ಎಂದು? ನನ್ನ ನೌಕರಿಗೆ ಯಾವ ಕುತ್ತೂ ಬರುತ್ತಿರಲಿಲ್ಲ. ಹೆಚ್ಚೆಂದರೆ ನಾಲ್ಕು ಜನ ನಗುತ್ತಿದ್ದರು. ನನ್ನ ಎಷ್ಟು ಸಣ್ಣ ಅವಮಾನಕ್ಕೆ ಆಕೆ ಎಷ್ಟು ದೊಡ್ಡ ಬೆಲೆ ತೆತ್ತಳು! ಅದನ್ನು ಆಕೆಗೆ ಹೇಳಿ, ಜಗಳವಾಡಿ, ಕೈಹಿಡಿದು ಎಳೆದುಕೊಂಡು ಆ ಗಂಗಾವತಿ ಬಸ್ಸು ಹತ್ತಿಸೋಣವೆಂದರೆ ಆಕೆಯೇ ಇಲ್ಲ.

ಮುಂದಿನ ಭಾನುವಾರ ನಾನೇ ಬಸ್ಸು ಹತ್ತಿದೆ.

ಕೇಂದ್ರ ಹುಡುಕುವುದು ಕಷ್ಟವಾಗಲಿಲ್ಲ. ಹೆಂಚಿನ ಉದ್ದ ಪಡಸಾಲೆ, ಹತ್ತಾರು ಹೆಂಗಸರು ನೆಲದ ಮೇಲೆ ಕೂತು ನಾರು ಹೆಣೆಯುತ್ತಿದ್ದರು. ಫೋನ್ ಮಾಡಿದ್ದ ಮನುಷ್ಯ ನನ್ನ ಹೆಸರು ಕೇಳಿದ್ದೇ ಎದ್ದು ನಿಂತ. ಕುರ್ಚಿ ತರಿಸಿದ, ನೀರು ತರಿಸಿದ, ಚಹಾಕ್ಕೆ ಹೇಳಿದ. ಗೋಡೆ ನೋಡಿದೆ. ಅರಿಶಿನ ಬಣ್ಣದ್ದು, ಬೀಟ್ರೂಟ್ ಬಣ್ಣದ್ದು, ಆಯಿಯ ಹೂಗಳು ಸಾಲಾಗಿ ತೂಗುತ್ತಿದ್ದವು.

"ಅವು ನಿಮ್ಮ ನಮೂನಿನ ಮೇಡಂ," ಎಂದ ಆತ. "ಒಬ್ಬ ಮುದುಕಿ ತಂದಿದ್ಲು. ಆಕಿನ್ನ ಕಳಿಸಿ, ಹೂವ ಇಟಗೊಂಡ್ವಿ. ಇವತ್ತ ನೀವ ಬಂದ್ರಿ, ಭಾಳ ಸಂತೋಷ ಆತು. ರವಿವಾರ ಎರಡು ತಾಸು ಬಂದ್ರೂ ಸಾಕು."

"ಅವು ಆಕಿ ಮಾಡಿದ್ವು. ನನಗ ಬರೂದಿಲ್ಲ," ಎಂದೆ.

ಆತ ನಕ್ಕ. "ದೊಡ್ಡವರು ಹಿಂಗ ಅಂತಾರ್ರಿ."

ಕುರ್ಚಿ ತಳ್ಳಿ ಎದ್ದೆ. ಹೆಂಗಸರ ನಡುವೆ ನೆಲದ ಮೇಲೆ ಕೂತೆ. ಬುಟ್ಟಿಯಲ್ಲಿ ನೆನೆಸಿ ಮೆತ್ತಗೆ ಮಾಡಿಟ್ಟ ಸಿಪ್ಪೆ ಇತ್ತು. ತೆಗೆದುಕೊಂಡು ಮಡಚಿ ಕಟ್ಟಿದೆ, ಎಸಳು ಉದುರಿದವು. ಇನ್ನೊಂದು ಕಟ್ಟಿದೆ, ಗಂಟೇ ಬಿಚ್ಚಿಕೊಂಡಿತು. ಮೂರನೆಯದು ಕೈಯಲ್ಲೇ ಮುದ್ದೆಯಾಯಿತು. ಹೆಂಗಸರು ಹೆಣಿಗೆ ನಿಲ್ಲಿಸಿ ನೋಡತೊಡಗಿದರು. ಒಬ್ಬಾಕೆ ಸೆರಗು ಬಾಯಿಗಿಟ್ಟು ನಕ್ಕಳು. ನಗಲಿ ಎಂದು ನಾಲ್ಕನೆಯದನ್ನೂ ಕಟ್ಟಿದೆ.

ಆತ ಬಂದು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತ. ಉದುರಿದ ಎಸಳು ನೋಡಿದ, ಗೋಡೆಯ ಹೂ ನೋಡಿದ.

"ಆಕಿ ಯಾಕ ಹೇಳಲಿಲ್ರಿ ಮತ್ತ? ಕೇಳಿದ್ದೆ ನಾ."

"ನನ್ನ ಹೆಸರು ಉಳಸಾಕ."

"ಈಗ ಎಲ್ಲಿ ಅದಾರ ಅವರು? ಕರಕೊಂಡು ಬರ್ರಿ, ನಾಳೇನ ಬರಲಿ."

"ತೀರಕೊಂಡ್ಲು."

ಆತ ಉದುರಿದ ಎಸಳುಗಳನ್ನು ಒಂದೊಂದಾಗಿ ಆರಿಸಿ ಬುಟ್ಟಿಗೆ ಹಾಕಿದ. ಆಮೇಲೆ, "ನಿಂತಲ್ಲೇ ಮಾತಾಡಿ ಕಳಿಸಿಬಿಟ್ವಿ. ಕದ್ದೀ ಅಂದೆ. ನಮಗೇನ ಗೊತ್ತಿತ್ರಿ ಟೀಚರ್?" ಎಂದ.

"ನಿಮಗ ಗೊತ್ತಿರಲಿಲ್ಲ," ಎಂದೆ. "ನನಗ ಗೊತ್ತಿತ್ತು."